ಸುದ್ದಿ ಕೊಟ್ಟವನು

ಫೆಸ್ಟಸ್ ಗಾರ್ವಿ ಒಳಗೆ ಬಂದದ್ದೇ ತಡ, ಊಟದ ಮೇಜಿನ ಸುತ್ತ ಮಾತು ನಿಂತಿತು.

ಆ ಮನೆಯಲ್ಲಿ ಊಟ-ವಸತಿಗಿದ್ದ ಗಣಿ ಕೆಲಸಗಾರರೆಲ್ಲ ತಟ್ಟೆಯತ್ತ ತಲೆ ಬಗ್ಗಿಸಿದರು. ಗಾರ್ವಿ ಬೆಂಚಿನ ತುದಿಯಲ್ಲಿ ಕೂತ. ಪಕ್ಕದವನು ದೂರ ಸರಿದ, ಜಾಗ ಬಿಡಲೆಂದಲ್ಲ. ಮನೆ ನಡೆಸುತ್ತಿದ್ದ ಜೊಹಾನಾ ಲೌನಿ ಅವನಿಗೆ ಕುರಿಮಾಂಸದ ಸಾರು ಬಡಿಸಿದಳು. ಸೌಟು ತಟ್ಟೆಯ ಅಂಚಿಗೆ ತಾಗಿ ಸದ್ದಾಯಿತು.

ಮೊಂಟಾನಾದ ಆ ತಾಮ್ರದ ಗುಡ್ಡದಲ್ಲಿ ಕಂಪನಿಗೆ ಆಗದ ಮಾತೆಂದರೆ ಒಂದೇ: ಕಾರ್ಮಿಕರ ಸಂಘ. ಅದನ್ನು ಕಟ್ಟಲು ಐರಿಷ್ ಗಣಿಗಾರರು ಗುಟ್ಟಾಗಿ ಮೂರು ಬಾರಿ ಸೇರಿದ್ದರು. ಮೂರು ಸಲವೂ ಕಂಪನಿಯ ಕಾವಲಿನವರು ದೊಣ್ಣೆ ಹಿಡಿದು ಮೊದಲೇ ಕಾದಿದ್ದರು. ಮೂರನೆಯ ಸಲ ಜೆರಿ ಟೀಹನ್ ತಲೆ ಒಡೆದು ಸತ್ತ. ಸಭೆ ಎಲ್ಲಿ ಎನ್ನುವುದು ಕೊನೆಯ ಗಳಿಗೆಯವರೆಗೆ ಈ ಅಡುಗೆಮನೆಯಾಚೆ ಯಾರಿಗೂ ಗೊತ್ತಿರಲಿಲ್ಲ.

ಗಾರ್ವಿ ಈ ಮನೆಗೆ ಬಂದದ್ದು ಮೊದಲ ಸಭೆಗೆ ತುಸು ಮುಂಚೆ. ಉಳಿದವರೆಲ್ಲ ಐರ್ಲೆಂಡಿನ ಕಾರ್ಕ್ ಸೀಮೆಯವರು, ಇವನು ಮೇಯೋ ಸೀಮೆಯವನು. ಕುಡಿಯುತ್ತಿರಲಿಲ್ಲ. ಉಂಡ ಕೂಡಲೇ ಒಬ್ಬನೇ ಎದ್ದು ಹೋಗುತ್ತಿದ್ದ. ಎಲ್ಲಿಗೆಂದು ಹೇಳುತ್ತಿರಲಿಲ್ಲ. ಆ ಸಂಜೆಯೂ ಹಾಗೆಯೇ ಹೋದ.

ಅವನು ಹೋದ ಮೇಲೆ ಬ್ಯಾಟ್ ಕ್ರೌಲಿ, ಅವರಲ್ಲೆಲ್ಲ ಹಿರಿಯ, ತಟ್ಟೆ ಹಿಡಿದು ಜೊಹಾನಾಳ ಬಳಿ ಬಂದು ನಿಂತ.

"ನಾಳೆ ಅವನನ್ನ ನಮ್ಮ ಜೊತೆ ಕೆಳಗಿನ ಸುರಂಗಕ್ಕೆ ಹಾಕಿಸಿದ್ದೀನಿ."

"ಯಾಕೆ?"

"ಅಲ್ಲಿ ಬಂಡೆ ಸಡಿಲ ಇದೆ ಕಣಮ್ಮ. ಬೀಳುತ್ತೆ."

ಪಾತ್ರೆ ಉಜ್ಜುತ್ತಿದ್ದ ಅವಳ ಕೈ ನಿಂತಿತು. "ಅವನೇ ಅಂತ ಹೇಗೆ ಹೇಳ್ತೀಯಾ ಬ್ಯಾಟಣ್ಣ? ಕಣ್ಣಾರೆ ಕಂಡಿದ್ದೀಯಾ?"

"ಇನ್ಯಾರು ಮತ್ತೆ? ನಾನಾ? ನೀನಾ? ನಮ್ಮೂರ ಕಡೆ ಇಂಗ್ಲಿಷರಿಗೆ ಸುದ್ದಿ ಮುಟ್ಟಿಸಿದವನ ಮನೆಗೆ ಮೂರು ತಲೆಮಾರು ಒಲೆಗೆ ಕೆಂಡ ಕೊಡ್ತಿರಲಿಲ್ಲ, ಮರೆತುಬಿಟ್ಯಾ? ಈ ದೇಶದ ದೀಪ ಉರೀತಿರೋದು ನಾವು ಅಗೆದ ತಾಮ್ರದ ತಂತೀಲಿ. ಈ ಊರಿನ ಇಗರ್ಜಿ, ಶಾಲೆ, ಎಲ್ಲಾ ಎದ್ದಿದ್ದು ನಮ್ಮ ಬೆವರಿಂದ. ಕೂತು ನಾಲ್ಕು ಮಾತಾಡೋ ಹಕ್ಕು ಮಾತ್ರ ನಮಗಿಲ್ಲ. ಅದನ್ನೂ ಒಬ್ಬ ಮಾರ್ಕೋತಾನೆ ಅಂದ್ರೆ ಬಿಡೋಕಾಗುತ್ತಾ?"

"ದೇವರು ಮೆಚ್ಚಲ್ಲ."

"ಜೆರಿ ಸತ್ತಾಗ ಮೆಚ್ಚಿದ್ನಾ?"

ಜೆರಿಯ ಹೆಣದ ರಕ್ತ ತೊಳೆದವಳು ಅವಳೇ. ಅವತ್ತಿನಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ.

ಸಾವು ಅವಳಿಗೆ ಹೊಸದಲ್ಲ. ಗಂಡ ಡ್ಯಾನ್ ಕಳೆದ ಚಳಿಗಾಲದಲ್ಲಿ ಗಣಿಯೊಳಗೇ ಮಣ್ಣಾಗಿದ್ದ. ಇಬ್ಬರು ಹೆಣ್ಣುಮಕ್ಕಳು ಚಿಕ್ಕವರು. ಮನೆ ಕಂಪನಿಯದು. ಗಂಡ ಸತ್ತ ಹೆಂಗಸರನ್ನು ತಿಂಗಳೊಳಗೆ ಮನೆ ಬಿಡಿಸುವುದು ಅಲ್ಲಿನ ವಾಡಿಕೆ, ಇವಳನ್ನು ಬಿಡಿಸಿರಲಿಲ್ಲ. "ಅಕ್ಕನ ಕೈ ಬ್ರೆಡ್ಡಿನ ರುಚಿ ಮ್ಯಾನೇಜರಿಗೂ ಹತ್ತಿರಬೇಕು" ಎಂದು ಗಂಡಸರು ನಗುತ್ತಿದ್ದರು.

ಆ ಸಂಜೆ ಇನ್ನೂ ಬೆಳಕಿತ್ತು. ಜೊಹಾನಾ ಶಾಲು ಹೊದ್ದು ಗಾರ್ವಿಯನ್ನು ಹುಡುಕಿ ಹೊರಟಳು. ಕೊನೆಗೆ ಸಿಕ್ಕಿದ್ದು ಕನ್ಯಾಸ್ತ್ರೀಯರು ಚಂದಾ ಎತ್ತಿ ಕಟ್ಟಿಸುತ್ತಿದ್ದ ಆಸ್ಪತ್ರೆಯ ಬಳಿ. ಮೊಳಕೈವರೆಗೆ ಸುಣ್ಣದ ಗಾರೆ. ಅರ್ಧ ಎದ್ದ ಗೋಡೆಗೆ ಒಬ್ಬನೇ ಕಲ್ಲು ಕೂಡಿಸುತ್ತಿದ್ದ.

"ದಿನಾ ಬರೋದು ಇಲ್ಲಿಗಾ?"

ಅವನು ಕದ್ದು ಸಿಕ್ಕಿಬಿದ್ದವನಂತೆ ನಾಚಿದ. "ಊರಲ್ಲಿ ಗಾರೆ ಕೆಲಸ ಮಾಡ್ತಿದ್ದೆ ಅಕ್ಕಾ. ನಮ್ಮಣ್ಣ ಈ ಗುಡ್ಡದ ಧೂಳು ಕುಡಿದು ಸತ್ತ, ಮಲಗೋಕೆ ಒಂದು ಮಂಚ ಇಲ್ದೆ. ಒಂದು ಗೋಡೆನಾದ್ರೂ ನಾನು ಎಬ್ಬಿಸೋಣ ಅಂತ."

"ಮೇಜಿನವರಿಗೆ ಹೇಳಬಾರದಿತ್ತಾ?"

"ಹೇಳ್ಕೊಂಡು ಮಾಡಿದ್ದು ಪುಣ್ಯ ಅಲ್ಲ ಅಂತಿದ್ಳು ನಮ್ಮಮ್ಮ."

ಜೊಹಾನಾ ಕಣ್ಣು ಮುಚ್ಚಿ ತೆರೆದಳು. "ನಾಳೆ ಗಣಿಗೆ ಇಳೀಬೇಡ ಫೆಸ್ಟಸ್. ಇಳಿದ್ರೆ ಮೇಲೆ ಬರಲ್ಲ ನೀನು."

ಅವನ ಕೈಯ ಕಲ್ಲು ಜಾರಿತು. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ನಾನಲ್ಲ ಅಕ್ಕಾ. ಅಮ್ಮನಾಣೆಗೂ ನಾನಲ್ಲ."

"ನೀನಲ್ಲ ಅಂತ ನನಗೆ ಗೊತ್ತು."

"ಹಾಗಾದ್ರೆ ನೀವೇ ಹೇಳಿ ಅವರಿಗೆ! ನಿಮ್ಮ ಮಾತು ನಂಬ್ತಾರೆ."

"ನನ್ನಿಂದ ಆಗಲ್ಲಪ್ಪ."

"ಓಡಿಹೋದ್ರೆ ನಾನೇ ಅಂತ ಗಟ್ಟಿಯಾಗುತ್ತೆ. ಊರಿಗೂ ಸುದ್ದಿ ಹೋಗುತ್ತೆ. ಅಮ್ಮ ಇಗರ್ಜಿಗೆ ಹೋಗೋ ಹಾಗಿರಲ್ಲ."

"ಅಮ್ಮನಿಗೆ ಮಗ ಬದುಕಿದ್ರೆ ಸಾಕು. ಹೋಗು."

ಶಾಲಿನೊಳಗಿಂದ ಬ್ರೆಡ್ಡು, ಡ್ಯಾನನ ಕೋಟು ತೆಗೆದು ಕೊಟ್ಟಳು. ಗಾರ್ವಿ ಅಳುತ್ತ ಅವಳ ಕೈಯನ್ನು ಹಣೆಗೆ ಒತ್ತಿಕೊಂಡ. "ಈ ಊರಲ್ಲಿ ನನ್ನನ್ನ ನಂಬಿದ್ದು ನೀವೊಬ್ಬರೇ." ಅವಳು ಬೆಂಕಿ ತಾಗಿದಂತೆ ಕೈ ಎಳೆದುಕೊಂಡಳು. ಪಶ್ಚಿಮದ ರೈಲು ಕೂಗುವವರೆಗೂ ಆ ಗೋಡೆಯ ಪಕ್ಕದಲ್ಲೇ ನಿಂತಿದ್ದಳು.

ಬೆಳಗ್ಗೆ ಬೆಂಚಿನ ತುದಿ ಖಾಲಿ. ಬ್ಯಾಟ್ ಮೇಜು ಗುದ್ದಿದ. "ಓಡಿದ ನಾಯಿ! ನಾನೇನು ಹೇಳಿದ್ದೆ?" ಒಬ್ಬ ನೆಲಕ್ಕೆ ಉಗುಳಿದ. ಇನ್ನೊಬ್ಬ, ಮೇಯೋದವರ ಹಣೆಬರಹವೇ ಇಷ್ಟು ಎಂದ. ಜೊಹಾನಾ ಗಂಜಿ ಬಡಿಸಿದಳು.

ಸಂಜೆಯ ಹೊತ್ತಿಗೆ ಮನೆಗೆ ಮತ್ತೆ ಜೀವ ಬಂದಿತ್ತು. ಬಹಳ ದಿನದ ಮೇಲೆ ಯಾರೋ ಹಾಡಿದರು. ಮುಂದಿನ ಸಭೆಯ ಮಾತು ಬಂದಾಗ ಯಾರೂ ದನಿ ತಗ್ಗಿಸಲಿಲ್ಲ. "ಈಗ ಇಲ್ಲಿರೋರೆಲ್ಲ ನಮ್ಮವರೇ," ಎಂದ ಬ್ಯಾಟ್, ಜೊಹಾನಾಳ ಹೆಗಲು ತಟ್ಟಿ.

ಮರುದಿನ ಗಂಡಸರು ಪಾಳಿಗೆ ಇಳಿದ ಮೇಲೆ ಅವಳು ಮಕ್ಕಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದಳು. ತಲೆ ತುಂಬ ಶಾಲು ಹೊದ್ದು ಗುಡ್ಡ ಹತ್ತಿದಳು. ಮ್ಯಾನೇಜರನ ಬಂಗಲೆಯ ಹಿಂಬಾಗಿಲು ತಟ್ಟುವ ಮೊದಲೇ ತೆರೆದುಕೊಂಡಿತು.

"ಗುರುವಾರ, ಇಗರ್ಜಿಯ ನೆಲಮಾಳಿಗೆಯಲ್ಲಿ," ಎಂದಳು ಜೊಹಾನಾ. "ಹೋದ ಸಲದ ಹಾಗೆ ಯಾರನ್ನೂ ಕೊಲ್ಲಬೇಡಿ ಸ್ವಾಮಿ."