ಮುಂಗೈ ಮೇಲಿನ ಏಟು

ಬ್ರಷ್ಷಿನ ತುದಿ ಚೂಪು ಮಾಡಲು ರಜನಿ ಅದನ್ನು ತುಟಿಗೆ ತಂದಿದ್ದಳಷ್ಟೆ, ಬುಡನ್ ಸಾಬ್ ಅವಳ ಮುಂಗೈ ಮೇಲೆ ಫಟ್ಟನೆ ಹೊಡೆದರು. ಬ್ರಷ್ ಅಂಗಳಕ್ಕೆ ಬಿತ್ತು. ಪಾತ್ರೆಗಳಿಗೆ ಕಲಾಯಿ ಹಾಕಿಸೋಣವೆಂದು ಮುಳಬಾಗಿಲಿನಿಂದ ಕರೆಸಿದ್ದ ಮುದುಕ ತನ್ನ ಮೇಲೆ ಕೈ ಮಾಡಿದನೇ ಎಂದು ಅವಳಿಗೆ ಉರಿದುಹೋಯಿತು.

ಸಾಬರು ಅವಳ ಎದುರಿಗಿದ್ದ ಹೆಬ್ಬೆರಳುದ್ದದ ಲೋಹದ ಬೊಂಬೆಯನ್ನು ಎತ್ತಿಕೊಂಡರು. ರಾಕ್ಷಸರೂ ಮಾಂತ್ರಿಕರೂ ಕಾದಾಡುವ, ಮೇಜಿನ ಮೇಲೆ ಬೊಂಬೆ ನಡೆಸಿ ಆಡುವ ಯಾವುದೋ ಹಳೇ ಆಟದ ಕುಳ್ಳ ಯೋಧ ಅದು. ಅಂಥವನ್ನು ಹುಡುಕಿ ಕೂಡಿಡುವುದು ರಜನಿಯ ಹುಚ್ಚು. ಬೆಳಗಿನಿಂದ ಬ್ಲೇಡಿನಲ್ಲಿ ಅದರ ಬಣ್ಣ ಕೆರೆದು, ಈಗ ಹೊಸದಾಗಿ ಕಣ್ಣು ಬರೆಯಲು ಹೊರಟಿದ್ದಳು. ಸಾಬರು ಬೊಂಬೆಯ ಪಾದವನ್ನು ಅಲ್ಲೇ ಹಾಸಿದ್ದ ಪೇಪರಿನ ಮೇಲೆ ಎಳೆದರು. ಪೆನ್ಸಿಲಿನಲ್ಲಿ ಗೀಚಿದಂತೆ ಕಪ್ಪು ಗೆರೆ ಮೂಡಿತು.

“ನಾವು ಕಲಾಯಿಗೆ ಹಾಕೋ ತವರ ಇಷ್ಟು ಕಪ್ಪಗೆ ಬರಿಯಲ್ಲಮ್ಮಾ. ಇದು ಸೀಸ, ವಿಷ. ಇದರ ಪುಡಿ ಕೈಯಲ್ಲಿಟ್ಕೊಂಡು ಬ್ರಷ್ ಬಾಯಿಗಿಡ್ತೀಯಲ್ಲ!”

ಇದುವರೆಗೆ ಎಷ್ಟು ಬೊಂಬೆಗಳಿಗೆ ಹೀಗೆ ಮಾಡಿದ್ದೇನೆ ಎಂದು ರಜನಿ ಎಣಿಸತೊಡಗಿ ಅರ್ಧಕ್ಕೇ ನಿಲ್ಲಿಸಿದಳು. “ನಿಮಗ್ಯಾರು ಹೇಳ್ಕೊಟ್ಟಿದ್ದು, ಸಾಬ್ರೇ?”

“ನಮ್ಮ ಉಸ್ತಾದ್. ಹಿಂಗೇ ಹೊಡೆದು.” ಸಾಬರು ತಮ್ಮ ಚೊಂಬಿನಿಂದ ಅವಳ ಕೈಗೆ ನೀರು ಹುಯ್ದರು. “ಇದೇ ವಿಷಕ್ಕೆ ಅವರ ಮಗ ತೀರಿಹೋದ್ಮೇಲೆ ಅವರಿಗೆ ಗೊತ್ತಾಗಿದ್ದಂತೆ.”

ರಜನಿ ಸೋಪು ಹಚ್ಚಿ ಉಗುರಿನ ಸಂದಿಯನ್ನೂ ಬಿಡದೆ ತೊಳೆದಳು. ಅವರು ಹೇಳುವ ಮೊದಲೇ ಮತ್ತೆ ನೀರಿಗೆ ಕೈಯೊಡ್ಡಿದಳು. ಏಟಿನ ಕೆಂಪು ಮಾತ್ರ ಮುಂಗೈ ಮೇಲೆ ಹಾಗೇ ಇತ್ತು. ಅದು ಇನ್ನಷ್ಟು ಹೊತ್ತು ಇರಲಿ ಎನಿಸಿತು.