ಅಳತೆ ಸರಿಯಿದೆ

ವೈದ್ಯರು ರಿಪೋರ್ಟನ್ನು ಬಡಗಿಯ ಕಡೆಗೆ ತಿರುಗಿಸಿಟ್ಟು, ಒಂದು ಅಂಕಿಯ ಕೆಳಗೆ ಗೆರೆ ಎಳೆದರು. ಗಂಡಸರ ಹಾರ್ಮೋನು ಇರಬೇಕಾದಷ್ಟೇ ಇದೆ, ಎರಡು ಸಲ ಬೆಳಿಗ್ಗೆಯೇ ರಕ್ತ ತೆಗೆದು ನೋಡಿದ್ದಾಯಿತು, ಇಂಜೆಕ್ಷನ್ ಬೇಕಿಲ್ಲ ಎಂದರು.

ಬಡಗಿಯ ಮುಖ ಇಳಿದುಹೋಯಿತು. ವಯಸ್ಸು ಐವತ್ತೆರಡು. ಮಧ್ಯಾಹ್ನ ಗರಗಸ ಹಿಡಿದರೆ ಕೈ ಸೋಲುತ್ತಿತ್ತು. ಹಲಗೆಗಳ ಮೇಲೆಯೇ ಒರಗಿ ನಿದ್ದೆ ಹೋಗುತ್ತಿದ್ದ. ಹೆಂಡತಿ ಪಕ್ಕದಲ್ಲಿ ಬಂದು ಕೂತರೂ ಆಕಳಿಕೆ. ಜೊತೆಗೆ ಕೆಲಸ ಮಾಡುವ ಪೇಂಟರ್, ಈ ಇಂಜೆಕ್ಷನ್ ಚುಚ್ಚಿಸಿಕೊಂಡು ಹೋರಿಯಂತಾಗಿದ್ದೇನೆ ಎಂದು ಕೊಚ್ಚಿಕೊಂಡಿದ್ದ. ಅದನ್ನು ನಂಬಿ ಬಡಗಿ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ.

ಬೇಡದಿದ್ದರೂ ಹೊರಗಿನಿಂದ ತುಂಬಿಸಿದರೆ ದೇಹ ತಾನು ತಯಾರಿಸುವುದನ್ನೇ ಬಿಟ್ಟುಬಿಡುತ್ತದೆ, ರಕ್ತ ಮಂದವಾಗಬಹುದು ಎಂದು ವೈದ್ಯರು ವಿವರಿಸಿದರು. ಬಡಗಿ ತಲೆಯಾಡಿಸುತ್ತಾ ಕೇಳಿದ, ಒಪ್ಪಲಿಲ್ಲ.

"ಅಳತೆ ಸರಿ ಇದ್ರೂ ಒಂದೊಂದು ಬಾಗಿಲು ಕೂರಲ್ಲ ಡಾಕ್ಟ್ರೇ," ಎಂದ. "ಆಗ ನಾವು ಟೇಪು ಹಿಡ್ಕೊಂಡು ವಾದ ಮಾಡಲ್ಲ. ಬಾಗಿಲು ನೋಡ್ತೀವಿ."

ವೈದ್ಯರು ಮೊದಲ ಬಾರಿಗೆ ಕಾಗದ ಬಿಟ್ಟು ಅವನನ್ನು ನೋಡಿದರು. ದಪ್ಪ ಕುತ್ತಿಗೆ, ಕೆಂಪು ಕಣ್ಣು. ನಿದ್ದೆ ಹೇಗೆ ಎಂದು ವಿಚಾರಿಸಿದರು. ಕುಂಭಕರ್ಣನ ನಿದ್ದೆ ಎಂದ ಬಡಗಿ.

"ಇವರಿಗೇನು ಗೊತ್ತು," ಎಂದಳು ಹೆಂಡತಿ. "ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಂತ್ಹೋಗುತ್ತೆ. ನಾನು ಮೊಣಕೈಲಿ ತಿವಿದ್ರೆ ಮತ್ತೆ ಶುರು."

ಗಂಡಸುತನ ಕೇಳಲು ಬಂದವನಿಗೆ ಗೊರಕೆಯ ಪಟ್ಟ ಸಿಕ್ಕಿತು. ನಿದ್ದೆಯ ಪರೀಕ್ಷೆ ಮಾಡಿಸಿ, ಉಸಿರು ನಿಂತು ನಿಂತು ನಿದ್ದೆ ಕೆಡುವುದೇ ಹಗಲಿನ ಸುಸ್ತಿಗೆ ಕಾರಣ ಎಂದು ಹೇಳಿ, ಮಲಗುವಾಗ ಮೂಗಿಗೆ ಗಾಳಿ ಊದುವ ಯಂತ್ರವೊಂದನ್ನು ಕೊಟ್ಟರು. ಅದರ ಕೊಳವೆ ತೊಟ್ಟರೆ ಆನೆಮರಿಯಂತೆ ಕಾಣುತ್ತೇನೆಂದು ಬಡಗಿ ಒಂದು ವಾರ ಸಿಡಿಮಿಡಿಗೊಂಡ. ಪೇಂಟರ್ ಮುಂದೆ ಮಾತ್ರ, ನಾನೂ ಇಂಜೆಕ್ಷನ್ನೇ ತಗೊಂಡೆ ಎಂದು ಬುರುಡೆ ಬಿಟ್ಟ.

ಮೂರು ತಿಂಗಳಾದ ಮೇಲೆ ಹೆಂಡತಿ ಒಬ್ಬಳೇ ಬಂದಳು. ಸುಸ್ತು ಮತ್ತೆ ಬಂತೇನಮ್ಮ ಎಂದು ವೈದ್ಯರು ಗಾಬರಿಯಾದರು. ಇಲ್ಲ, ಯಂತ್ರದ ಗಾಳಿಯನ್ನು ಒಂಚೂರು ಕಡಿಮೆ ಮಾಡಲಾಗುತ್ತದೆಯೇ ಎಂದು ಕೇಳಲು ಬಂದಿದ್ದಳು. ಯಾಕೆಂದು ಕೇಳಿದರೆ, ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಕೆಲಸದಿಂದ ಬಂದು ಮನೇಲೂ ಕೂರಲ್ಲ. ಅಡುಗೆಮನೆ ಕಪಾಟೆಲ್ಲಾ ಕಿತ್ತು ಹಾಕಿ, ಹೊಸದು ಮಾಡ್ಕೊಡ್ತೀನಿ ಅಂತ ನಿಂತಿದಾರೆ. ಹದಿನೈದು ದಿನದಿಂದ ಪಾತ್ರೆಗಳು ಮಂಚದ ಮೇಲೆ, ನಾವಿಬ್ರೂ ನೆಲದ ಮೇಲೆ."