ತಿಕ್ಕಿ ತೊಳೆದ ಡಬ್ಬ

"ಮಾವ, ಇದರೊಳಗಿದ್ದ ಔಷಧಿ ಎಲ್ಲಿ?" ಸೊಸೆ ಡಬ್ಬ ಅಲ್ಲಾಡಿಸಿ ಕೇಳಿದಳು. ಹಳೆಯ ಕೀಟನಾಶಕಗಳನ್ನು ಒಯ್ಯಲು ಬಂದ ವ್ಯಾನು ಗೇಟಿನ ಮುಂದೆ ನಿಂತಿತ್ತು.

"ಕೊಳಕು ಡಬ್ಬ ಕೊಟ್ರೆ ನಾಲ್ಕು ಜನ ಏನಂತಾರಮ್ಮ? ಚೆಲ್ಲಿ, ಚೆನ್ನಾಗಿ ತಿಕ್ಕಿದೀನಿ. ಮುಖ ನೋಡ್ಕೋಬಹುದು."

"ಅವರಿಗೆ ಬೇಕಿದ್ದಿದ್ದೇ ಆ ವಿಷ, ಮಾವ. ಮುಟ್ಟದೆ ಹಾಗೇ ಇಡಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು." ಅವಳಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. "ಹೋಗಲಿ, ಎಲ್ಲಿ ತೊಳೆದ್ರಿ?"

"ಇನ್ನೆಲ್ಲಿ, ಬಾವಿಕಟ್ಟೆ ಮೇಲೆ. ನೀರು ಕೈಗೆ ಸಿಗುತ್ತಲ್ಲ."

ಅವಳು ಡಬ್ಬ ಬಿಸಾಕಿ ಹಿತ್ತಲಿಗೆ ಓಡಿದಳು. ಮಗಳು ಆಗಷ್ಟೇ ಸೇದಿದ ಬಕೆಟ್ಟಿಗೆ ಲೋಟ ಅದ್ದುತ್ತಿದ್ದಳು. ಸೊಸೆ ಬೈಯದೆ ಮೆಲ್ಲನೆ ಲೋಟ ತೆಗೆದುಕೊಂಡು ಬಕೆಟ್ಟಿನ ನೀರನ್ನು ನೆಲಕ್ಕೆ ಸುರಿದಳು. ಹಿಂದೆಯೇ ಏದುಸಿರು ಬಿಡುತ್ತ ಬಂದ ಮಾವ, ಇನ್ಯಾರೂ ನೀರು ಸೇದದ ಹಾಗೆ ರಾಟೆಯ ಹಗ್ಗ ಬಿಚ್ಚತೊಡಗಿದರು.